ಮಗ ಜ್ಯೋತಿಷಿ, ತಾಯಿ ಮಾಟಗಾತಿ

ಜರ್ಮನಿಯ ವ್ಯುರ್ಟೆಂಬರ್ಗ್ ಸಂಸ್ಥಾನದ ಲಿಯೊನ್‌ಬರ್ಗ್ ಒಂದು ಸಣ್ಣ ಪೇಟೆ. 1615ರಲ್ಲಿ ಅಲ್ಲಿನ ಗಾಜಿನ ಕೆಲಸಗಾರನ ಹೆಂಡತಿ ಉರ್ಸುಲಾ ರೈನ್‌ಬೋಲ್ಡ್, ಎಷ್ಟು ಮದ್ದು ಮಾಡಿದರೂ ವಾಸಿಯಾಗದ ತನ್ನ ಕಾಯಿಲೆಗೆ ಕೊನೆಗೂ ಒಂದು ಕಾರಣ ಹೇಳಿದಳು. ಕೆಲವು ವರ್ಷಗಳ ಹಿಂದೆ ಕತಾರಿನಾ ಕೆಪ್ಲರ್ ಎಂಬ ಮುದುಕಿ ತವರದ ಹೂಜಿಯಿಂದ ತನಗೆ ಏನನ್ನೋ ಕುಡಿಸಿದ್ದಳು, ಅಂದಿನಿಂದಲೇ ಇದೆಲ್ಲ ಶುರುವಾಯಿತು ಎಂದಳು. ಮಾತು ಹೊರಬಿದ್ದದ್ದೇ ತಡ, ಊರವರೆಲ್ಲ ಹಳೆಯದನ್ನು ಕೆದಕಿ ನೆನಪಿಸಿಕೊಳ್ಳತೊಡಗಿದರು. ಶಾಲೆಯ ಮಾಸ್ತರನ ಕಾಲು ಕುಂಟಾಗಿದ್ದು ಅವಳ ಮನೆಯಲ್ಲಿ ಕುಡಿದ ಮೇಲೆ. ಹುಡುಗಿಯೊಬ್ಬಳ ತೋಳು ನೋಯತೊಡಗಿದ್ದು ದಾರಿಯಲ್ಲಿ ಮುದುಕಿಯ ಕೈ ತಗುಲಿದ ಮೇಲೆ. ದನಕರುಗಳಿಗೆ ಬಂದ ಕಾಯಿಲೆಯೂ ಅವಳ ಲೆಕ್ಕಕ್ಕೇ ಸೇರಿತು. ಸತ್ತ ತಂದೆಯ ತಲೆಬುರುಡೆಯನ್ನು ತೆಗೆದುಕೊಡು, ಬೆಳ್ಳಿ ಕಟ್ಟಿಸಿ ಮಗನಿಗೆ ಕುಡಿಯುವ ಬಟ್ಟಲು ಮಾಡಿಸುತ್ತೇನೆ ಎಂದು ಸ್ಮಶಾನದ ಕೆಲಸದವನನ್ನು ಅವಳು ಕೇಳಿದ್ದಳಂತೆ. ಅದೂ ಕಡತಕ್ಕೆ ಹೋಯಿತು. 1620ರಲ್ಲಿ ಅವಳನ್ನು ಹಿಡಿದು ಹಾಕಿದರು. ಎಪ್ಪತ್ತು ದಾಟಿದ ಆ ಹೆಂಗಸು ಹದಿನಾಲ್ಕು ತಿಂಗಳು ಸರಪಳಿಯಲ್ಲಿ ಕಳೆದಳು. ಆ ಬಟ್ಟಲು ಸೇರಬೇಕಿದ್ದ ಮಗನೇ ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಯೋಹಾನೆಸ್ ಕೆಪ್ಲರ್. ಚಕ್ರವರ್ತಿಯ ಆಸ್ಥಾನದ ಗಣಿತಜ್ಞನಾದ ಅವನು ಜಾತಕ ಬರೆದುಕೊಡುತ್ತಿದ್ದ, ವರ್ಷಫಲದ ಪಂಚಾಂಗ ಹೊರಡಿಸುತ್ತಿದ್ದ. ಸೇನಾಧಿಪತಿ ವಾಲೆನ್‌ಸ್ಟೈನನ ಭವಿಷ್ಯವನ್ನೂ ಲೆಕ್ಕ ಹಾಕಿದ್ದ. ಕಣ್ಣಿಗೆ ಕಾಣದ ಶಕ್ತಿಗಳ ಜೊತೆ ವ್ಯವಹಾರವಿದೆ ಎನ್ನಬಹುದಾದರೆ ತಾಯಿಗಿಂತ ಮಗನಿಗೇ ಅದು ಹೆಚ್ಚು ಒಪ್ಪುತ್ತಿತ್ತು. ಆದರೆ ಅವನಿಗೆ ಸಂಬಳ ಸಿಕ್ಕಿತು, ಅವಳಿಗೆ ಸರಪಳಿ.

ಮಾಟಗಾತಿಗೂ ಮಂತ್ರವಾದಿಗೂ ಏನು ವ್ಯತ್ಯಾಸ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು. ಒಬ್ಬಳು ಹೆಣ್ಣು, ಇನ್ನೊಬ್ಬ ಗಂಡು. ಒಬ್ಬಳದು ಕೆಡುಕಿನ ವಿದ್ಯೆ, ಇನ್ನೊಬ್ಬನದು ಒಳಿತಿಗೂ ಬರುವ ವಿದ್ಯೆ. ಒಬ್ಬಳಿಗೆ ಅದು ಹುಟ್ಟಿನಿಂದಲೋ ಪಿಶಾಚಿಯ ಒಪ್ಪಂದದಿಂದಲೋ ಬಂದದ್ದು, ಇನ್ನೊಬ್ಬ ಗ್ರಂಥ ಓದಿ ಸಂಪಾದಿಸಿದ್ದು. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ, ಆದರೆ ಮೂರೂ ಸಮಸ್ಯೆಯ ಬುಡ ಮುಟ್ಟುವುದಿಲ್ಲ. ನನ್ನ ವಾದ ಇಷ್ಟು: ಮಂತ್ರವಾದಿ ಎಂಬುದು ಒಬ್ಬ ವ್ಯಕ್ತಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು, ಮಾಟಗಾತಿ ಎಂಬುದು ಇನ್ನೊಬ್ಬರ ಬಗ್ಗೆ ನೊಂದವರು ಹೇಳುವ ಮಾತು. ನಿಸರ್ಗವನ್ನು ನನ್ನ ಇಚ್ಛೆಗೆ ಬಗ್ಗಿಸಬಹುದೇ ಎಂಬ ಆಸೆಯಿಂದ ಮಂತ್ರವಾದಿ ಹುಟ್ಟುತ್ತಾನೆ. ನನ್ನ ಮಗು ಯಾಕೆ ಸತ್ತಿತು, ನನ್ನ ಮಗುವೇ ಯಾಕೆ ಸತ್ತಿತು ಎಂಬ ಸಂಕಟದಿಂದ ಮಾಟಗಾತಿ ಹುಟ್ಟುತ್ತಾಳೆ. ಈ ಎರಡನೆಯ ಪ್ರಶ್ನೆ ಧರ್ಮಗಳು ಸಾವಿರಾರು ವರ್ಷಗಳಿಂದ ಹೆಣಗಾಡಿದ ಪ್ರಶ್ನೆ. ಹಾಗಾಗಿ ಮಾಟಗಾತಿಯ ಚರ್ಚೆಯನ್ನು ಮಂತ್ರತಂತ್ರಗಳ ಇತಿಹಾಸಕ್ಕಷ್ಟೇ ಬಿಟ್ಟುಕೊಟ್ಟರೆ ಸಾಲದು. ಅದು ದುಃಖಕ್ಕೆ ಕಾರಣ ಹುಡುಕುವ ಧರ್ಮಚಿಂತನೆಗೆ ಸೇರಿದ್ದು.

ಇದನ್ನು ಎಲ್ಲರಿಗಿಂತ ನಿಚ್ಚಳವಾಗಿ ತೋರಿಸಿದವನು ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್. ಮಧ್ಯ ಆಫ್ರಿಕಾದ ಅಜಾಂಡೆ ಜನರ ಬಗ್ಗೆ ಅವನು 1937ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಕಣಜದ ಪ್ರಸಂಗ ಬರುತ್ತದೆ. ಬಿಸಿಲಿಗೆ ಅಜಾಂಡೆಗಳು ಕಣಜದ ಅಡಿಯ ನೆರಳಲ್ಲಿ ಕೂತು ಹರಟುತ್ತಾರೆ. ಕೆಲವೊಮ್ಮೆ ಹಳೆಯ ಕಣಜ ಕುಸಿದು ಬಿದ್ದು ಪೆಟ್ಟಾಗುತ್ತದೆ. ಕಂಬಕ್ಕೆ ಗೆದ್ದಲು ಹಿಡಿದಿತ್ತೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಬಿಸಿಲಿಗೆ ಜನ ಅಲ್ಲಿ ಕೂರುತ್ತಾರೆಂಬುದೂ ಗೊತ್ತು. ಅವರ ಪ್ರಶ್ನೆ ಬೇರೆ: ಇದೇ ಜನ ಕೂತಿದ್ದಾಗ, ಇದೇ ಗಳಿಗೆಯಲ್ಲಿ ಯಾಕೆ ಬಿತ್ತು? ಗೆದ್ದಲು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಮಾಟ ಕೊಡುತ್ತದೆ. ಅದೇ ಜನರಲ್ಲಿ ಮದ್ದುಗಿಡಗಳನ್ನೂ ವಿಧಿಗಳನ್ನೂ ಬಲ್ಲ ಮಾಂತ್ರಿಕರು ಬೇರೆಯೇ ಇದ್ದರು. ಅವರ ವಿದ್ಯೆ ಕಲಿತು ಬಂದದ್ದು, ದುಡ್ಡು ಕೊಟ್ಟು ಪಡೆದದ್ದು. ಮಾಟದ ಶಕ್ತಿಯಾದರೋ ಹೊಟ್ಟೆಯೊಳಗಿನ ಒಂದು ವಸ್ತು, ಹೊತ್ತವನಿಗೇ ಗೊತ್ತಿಲ್ಲದೆ ಇರಬಹುದಾದದ್ದು. ಮಗನಿಗೆ ತಂದೆಯಿಂದ, ಮಗಳಿಗೆ ತಾಯಿಯಿಂದ ಅದು ಇಳಿದು ಬರುತ್ತದೆಂದು ಅವರು ನಂಬಿದ್ದರು. ಅಂದರೆ ಅಲ್ಲಿ ಗಂಡಸಿನ ಮೇಲೂ ಮಾಟದ ಆರೋಪ ಬರುತ್ತಿತ್ತು. ಬಾರದೆ ಉಳಿದವರು ಆಳುವ ಕುಲದವರು ಮಾತ್ರ. ಸಾಮಾನ್ಯರು ಅರಸು ಮನೆತನದ ಕಡೆಗೆ ಬೆರಳು ತೋರಿಸುತ್ತಿರಲಿಲ್ಲ.

ಯೂರೋಪಿಗೆ ಮರಳೋಣ. ಅಲ್ಲಿ ಈ ವ್ಯತ್ಯಾಸವನ್ನು ಸಿದ್ಧಾಂತವಾಗಿ ಬರೆದವನು ಒಬ್ಬ ರಾಜ. 1589ರಲ್ಲಿ ಸ್ಕಾಟ್ಲೆಂಡಿನ ಆರನೆಯ ಜೇಮ್ಸನಿಗೆ ಡೆನ್ಮಾರ್ಕಿನ ರಾಜಕುಮಾರಿಯ ಜೊತೆ ಮದುವೆಯಾಯಿತು. ಅವಳ ಹಡಗುಗಳು ಬಿರುಗಾಳಿಗೆ ಸಿಕ್ಕಿ ಹಿಂದಿರುಗಿದವು. ಕರೆತರಲು ತಾನೇ ಹೋದ ಜೇಮ್ಸನಿಗೂ ಸಮುದ್ರ ಕಾಟ ಕೊಟ್ಟಿತು. ಉತ್ತರ ಸಮುದ್ರದಲ್ಲಿ ಬಿರುಗಾಳಿ ಹೊಸದಲ್ಲ. ಆದರೆ ನನ್ನ ಹಡಗಿಗೇ ಯಾಕೆ ಎಂದು ಕೇಳಲು ಅಜಾಂಡೆಯೇ ಆಗಬೇಕಿಲ್ಲ, ರಾಜನೂ ಕೇಳಬಲ್ಲ. ನಾರ್ತ್ ಬರ್ವಿಕ್ ಪ್ರಕರಣವೆಂದು ಹೆಸರಾದ ವಿಚಾರಣೆಯಲ್ಲಿ ಆಗ್ನೆಸ್ ಸ್ಯಾಂಪ್ಸನ್ ಎಂಬ ಸೂಲಗಿತ್ತಿಯನ್ನು ಅರಮನೆಗೆ ಎಳೆತಂದರು. ರಾಜ ಖುದ್ದಾಗಿ ಅವಳನ್ನು ಪ್ರಶ್ನಿಸಿದ. ಚಿತ್ರಹಿಂಸೆಯ ನಂತರ ಅವಳು ಒಪ್ಪಿಕೊಂಡಳು. 1591ರ ಜನವರಿಯಲ್ಲಿ ಎಡಿನ್‌ಬರೋದಲ್ಲಿ ಕುತ್ತಿಗೆ ಬಿಗಿದು ಕೊಂದು ಸುಟ್ಟರು. ರೋಗಿಗಳ ಮೇಲೆ ಅವಳು ಹೇಳುತ್ತಿದ್ದ ಪ್ರಾರ್ಥನೆಗಳೇ ಅವಳ ವಿರುದ್ಧ ಸಾಕ್ಷಿಯಾದವು. 1597ರಲ್ಲಿ ಜೇಮ್ಸ್ ಪಿಶಾಚಶಾಸ್ತ್ರದ ಮೇಲೆ ಪುಸ್ತಕ ಬರೆದ. ಮಾಟಗಾತಿಯರು ಸೈತಾನನ ಊಳಿಗದವರು, ಪ್ರೇತಗಳನ್ನು ಕರೆಸುವ ಪಂಡಿತರಾದರೋ ಅವನಿಗೆ ಅಪ್ಪಣೆ ಕೊಡುವವರು ಎಂಬ ಜನರ ಎಣಿಕೆಯನ್ನು ಅದರಲ್ಲಿ ಚರ್ಚಿಸಿದ. ಪಂಡಿತರ ಯಜಮಾನಿಕೆಯೂ ಸೈತಾನ ಒಡ್ಡಿದ ಬಲೆಯೇ, ಇಬ್ಬರಿಗೂ ಶಿಕ್ಷೆ ಒಂದೇ ಆಗಬೇಕು ಎಂಬುದು ಅವನ ತೀರ್ಮಾನ. ಪುಸ್ತಕದಲ್ಲಿ ಹೀಗೆ. ಇಂಗ್ಲೆಂಡಿನ ಸಿಂಹಾಸನವೂ ಸಿಕ್ಕ ಮೇಲೆ, 1604ರಲ್ಲಿ, ಇದೇ ಜೇಮ್ಸನ ಮುಂದೆ ಮುದುಕ ಜಾನ್ ಡೀ ಒಂದು ಅರ್ಜಿ ಇಟ್ಟ. ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆ ಮುಹೂರ್ತ ಇಟ್ಟುಕೊಟ್ಟವನು ಡೀ. ಸ್ಫಟಿಕದ ಮೂಲಕ ದೇವದೂತರ ಜೊತೆ ಮಾತಾಡಿದ್ದನ್ನು ಪುಟಗಟ್ಟಲೆ ಬರೆದಿಟ್ಟವನೂ ಅವನೇ. ದೆವ್ವಗಳನ್ನು ಕರೆಸುವವನೆಂಬ ಅಪವಾದ ನನಗೆ ಅಂಟಿದೆ, ದಯವಿಟ್ಟು ನನ್ನ ವಿಚಾರಣೆ ಮಾಡಿಸಿ, ತಪ್ಪಿದ್ದರೆ ಸಾಯುತ್ತೇನೆ ಎಂದು ಅವನೇ ಬೇಡಿಕೊಂಡ. ರಾಜ ಅರ್ಜಿಗೆ ಸೊಪ್ಪು ಹಾಕಲಿಲ್ಲ. ಬಡತನದಲ್ಲಾದರೂ ಡೀ ತನ್ನ ಊರಿನಲ್ಲೇ ಸತ್ತ. ಸೂಲಗಿತ್ತಿ ಬೇಡವೆಂದರೂ ವಿಚಾರಣೆ ತಪ್ಪಲಿಲ್ಲ, ಪಂಡಿತ ಬೇಡಿದರೂ ಸಿಗಲಿಲ್ಲ.

ಆ ಕಾಲಕ್ಕೆ ಇದು ಯಾರ ಕಣ್ಣಿಗೂ ಬೀಳಲಿಲ್ಲ ಎನ್ನುವಂತಿಲ್ಲ. ಕ್ಲೀವ್ಸ್ ಡ್ಯೂಕನ ವೈದ್ಯನಾಗಿದ್ದ ಯೋಹಾನ್ ವೈಯರ್ 1563ರಲ್ಲೇ ತಕ್ಕಡಿಯನ್ನು ತಿರುಗಿಸಿ ಹಿಡಿದಿದ್ದ. ಹುಡುಗನಾಗಿದ್ದಾಗ ಅವನು ಕಲಿತದ್ದು ಅಗ್ರಿಪ್ಪನ ಹತ್ತಿರ. ಆ ಅಗ್ರಿಪ್ಪ ಗುಪ್ತವಿದ್ಯೆಯ ಮಹಾಗ್ರಂಥ ಬರೆದವನು. 1519ರಲ್ಲಿ ಮೆಟ್ಸ್ ನಗರದಲ್ಲಿ ಮಾಟದ ಆರೋಪ ಹೊತ್ತ ಒಬ್ಬ ಹಳ್ಳಿ ಹೆಂಗಸಿನ ಪರ ವಾದಿಸಿ ಉಳಿಸಿದವನೂ ಅವನೇ. ಮಾಟಗಾತಿಯರೆಂದು ಸುಡುತ್ತಿರುವ ಮುದುಕಿಯರು ಚಿತ್ತಭ್ರಮೆಯ ರೋಗಿಗಳು, ಅವರಿಗೆ ಬೇಕಾದದ್ದು ಔಷಧ ಎಂದು ವೈಯರ್ ಬರೆದ. ತಿಳಿದೂ ತಿಳಿದೂ, ಗ್ರಂಥ ನೋಡಿಕೊಂಡು, ಪಿಶಾಚಿಗಳನ್ನು ಕರೆಯುವ ಓದಿದ ಗಂಡಸರೇ ನಿಜವಾದ ಅಪರಾಧಿಗಳು ಎಂಬುದು ಅವನ ವಾದ. ವೈದ್ಯನೊಬ್ಬ ಸಂಕಲ್ಪವಿದ್ದಲ್ಲಿ ಮಾತ್ರ ಪಾಪ ಎಂಬ ಸರಳ ನೀತಿಯನ್ನು ಹಿಡಿದು ಹೊರಟು, ಇಡೀ ನ್ಯಾಯವ್ಯವಸ್ಥೆ ತಲೆಕೆಳಗಾಗಿ ನಿಂತಿದೆ ಎಂದು ತೋರಿಸಿದ್ದು ನನಗೆ ಆ ಶತಮಾನದ ದೊಡ್ಡ ಧೈರ್ಯವಾಗಿ ಕಾಣುತ್ತದೆ. 1580ರಲ್ಲಿ ಫ್ರಾನ್ಸಿನ ರಾಜನೀತಿಜ್ಞ ಜ್ಯಾಂ ಬೊದ್ಯಾಂ ಅವನ ಮೇಲೆ ಹರಿಹಾಯ್ದ. ಸಾರ್ವಭೌಮತ್ವದ ಬಗ್ಗೆ ಅಷ್ಟು ಆಳವಾಗಿ ಯೋಚಿಸಿದ ಬೊದ್ಯಾಂನಿಗೆ ಮುದುಕಿಯರ ಮೇಲೆ ಕರುಣೆ ತೋರುವುದು ದೇವದ್ರೋಹವೆನಿಸಿತು. ಮಾಟದ ಭಯ ಅವಿದ್ಯಾವಂತರದು ಎಂದು ಇಂದು ಸುಲಭವಾಗಿ ಹೇಳುತ್ತೇವಲ್ಲ, ಆಗ ಬೊದ್ಯಾಂನನ್ನು ನೆನಪಿಡಬೇಕು. ಬೆರಳು ತೋರಿಸಿದ್ದು ಹಳ್ಳಿಯಾದರೂ ಅದಕ್ಕೆ ಕಾನೂನು ಕಟ್ಟಿಕೊಟ್ಟವರು ಓದಿದವರೇ.

ಇಷ್ಟೆಲ್ಲ ಸುತ್ತಬೇಕೇ, ಇದು ನೇರವಾಗಿ ಹೆಂಗಸರ ಮೇಲಿನ ದ್ವೇಷವಲ್ಲವೇ ಎಂಬ ಆಕ್ಷೇಪ ಸಹಜ, ತೂಕದ್ದೂ ಹೌದು. ಹದಿನೈದರಿಂದ ಹದಿನೆಂಟನೆಯ ಶತಮಾನದವರೆಗೆ ಯೂರೋಪಿನಲ್ಲಿ ಮಾಟದ ಹೆಸರಲ್ಲಿ ಮರಣದಂಡನೆಗೆ ಗುರಿಯಾದವರು 40,000ದಿಂದ 60,000 ಎಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹೆಂಗಸರು. ಇದನ್ನು ತೇಲಿಸಿ ಬಿಡುವಂತಿಲ್ಲ. ಆದರೆ ಐಸ್‌ಲ್ಯಾಂಡಿನಲ್ಲಿ ಸುಟ್ಟ ಸುಮಾರು ಇಪ್ಪತ್ತು ಮಂದಿಯಲ್ಲಿ ಹೆಂಗಸು ಒಬ್ಬಳೇ. ನಾರ್ಮಂಡಿಯಲ್ಲೂ ರಷ್ಯದಲ್ಲೂ ಗಂಡಸರೇ ಹೆಚ್ಚು. 1656ರಲ್ಲಿ ಐಸ್‌ಲ್ಯಾಂಡಿನ ಕಿರ್ಕ್ಯುಬೋಲ್ ಎಂಬಲ್ಲಿ ತಂದೆ ಮಗ ಇಬ್ಬರನ್ನೂ ಸುಟ್ಟರು. ಅವರಿಗೆ ಓದು ಬರಹ ಬರುತ್ತಿತ್ತು, ಮಂತ್ರದ ಅಕ್ಷರಗಳು ಗೊತ್ತಿದ್ದವು. ಗ್ರಂಥವೇ ಕಾಯುವುದಾದರೆ ಅವರು ಬದುಕಬೇಕಿತ್ತು. ಅವರನ್ನು ಬಲಿ ತೆಗೆದುಕೊಂಡದ್ದು ಆ ಊರಿನ ಪಾದ್ರಿಯ ಕಾಯಿಲೆ. ಅವನಿಗೆ ಮೈಯಲ್ಲಿ ತಡೆಯಲಾರದ ಯಾತನೆ, ಕಾರಣ ಬೇಕಿತ್ತು. ಇಬ್ಬರನ್ನು ಸುಟ್ಟ ಮೇಲೂ ಯಾತನೆ ಇಳಿಯಲಿಲ್ಲ, ಅವನು ಆ ಮನೆಯ ಮಗಳ ಮೇಲೆ ದೂರು ಕೊಟ್ಟ. ಅವಳು ನಿರಪರಾಧಿ ಎಂದು ತೀರ್ಪಾಗಿ, ತಿರುಗಿ ಪಾದ್ರಿಯ ಮೇಲೆಯೇ ದಾವೆ ಹೂಡಿದಳು. ಇಲ್ಲಿ ಗಂಡು ಹೆಣ್ಣು ಎಂಬುದಕ್ಕಿಂತ ಮೊದಲು ಕೆಲಸ ಮಾಡುತ್ತಿರುವುದು ಕಾರಣ ಹುಡುಕುವ ಯಾತನೆ. ಹಾಗಾದರೆ ಉಳಿದ ಕಡೆ ಹೆಂಗಸರೇ ಯಾಕೆ ಸಿಕ್ಕಿಬಿದ್ದರು? ಅಂದಿನ ಬದುಕಿನಲ್ಲಿ ಕಾರಣ ತಿಳಿಯದ ಅನಾಹುತಗಳು ನಡೆಯುತ್ತಿದ್ದದ್ದು ಹೆರಿಗೆ ಕೋಣೆಯಲ್ಲಿ, ತೊಟ್ಟಿಲಲ್ಲಿ, ಹಾಲು ಕಡೆಯುವಲ್ಲಿ, ಅಡುಗೆ ಪಾತ್ರೆಯಲ್ಲಿ. ಅಲ್ಲೆಲ್ಲ ಕೈಯಾಡಿಸುತ್ತಿದ್ದವಳು ಹೆಂಗಸು. ಇಂಗ್ಲೆಂಡಿನ ದಾಖಲೆಗಳನ್ನು ಜಾಲಾಡಿದ ಕೀತ್ ಥಾಮಸ್ 1971ರಲ್ಲಿ ಇನ್ನೊಂದು ಎಳೆ ತೋರಿಸಿದ: ಬಾಗಿಲಿಗೆ ಬಂದ ಬಡ ಮುದುಕಿಗೆ ಏನೂ ಕೊಡದೆ ಕಳಿಸುತ್ತಾರೆ, ಅವಳು ಗೊಣಗುತ್ತಾ ಹೋಗುತ್ತಾಳೆ, ಆಮೇಲೆ ಮನೆಯಲ್ಲಿ ಯಾರಿಗೋ ಕಾಯಿಲೆಯಾದರೆ ಆ ಗೊಣಗು ನೆನಪಾಗುತ್ತದೆ. ಕೊಡದೆ ಕಳಿಸಿದವರ ಮನಸ್ಸಿನ ಅಳುಕೇ ಅವಳ ಮಾತಿಗೆ ಶಾಪದ ಬಲ ತುಂಬಿತು. ಹೆಂಗಸರ ಮೇಲಿನ ಹಗೆ ಈ ಕತೆಯಲ್ಲಿ ಇದೆ. ಆದರೆ ಅದು ನೋವಿನ ಬೆನ್ನೇರಿಯೇ ಬಂತು.

ಮಂತ್ರವಾದಿಗಳಿಗೂ ಶಿಕ್ಷೆಯಾಗಿದೆ ಎಂಬ ಎರಡನೆಯ ಆಕ್ಷೇಪಕ್ಕೆ ಉದಾಹರಣೆ ಬೇಕಷ್ಟು ಸಿಗುತ್ತವೆ. ಎಂಟನೆಯ ಹೆನ್ರಿ 1542ರಲ್ಲಿ ತಂದ ಇಂಗ್ಲೆಂಡಿನ ಮೊದಲ ಮಾಟದ ಕಾನೂನು ನಿಧಿ ಹುಡುಕಲು ಮಂತ್ರ ಹಾಕುವವರನ್ನೂ ಗುರಿಯಾಗಿಸಿತ್ತು. ಆಗ್ನೆಸ್ ಸಿಕ್ಕಿಬಿದ್ದ ಪ್ರಕರಣದಲ್ಲೇ ರಿಚರ್ಡ್ ಗ್ರಹಾಂ ಎಂಬ ಮಂತ್ರವಾದಿಯೂ ಇದ್ದ. ಶ್ರೀಮಂತರು ಅವನ ಹತ್ತಿರ ಹೋಗಿ ಬರುತ್ತಿದ್ದರು. ಬಾತ್‌ವೆಲ್ ಅರ್ಲನ ವಿರುದ್ಧ ಅವನಿಂದ ಹೇಳಿಕೆ ಪಡೆದು, 1592ರಲ್ಲಿ ಅವನನ್ನೂ ಕೊಂದರು; ಅರ್ಲ್ ಮರುವರ್ಷ ನಿರ್ದೋಷಿಯಾದ. ಜೊರ್ದಾನೊ ಬ್ರೂನೋನನ್ನು 1600ರಲ್ಲಿ ರೋಮಿನಲ್ಲಿ ಸುಟ್ಟದ್ದು ಮುಖ್ಯವಾಗಿ ಧರ್ಮವಿರೋಧಿ ಅಭಿಪ್ರಾಯಗಳಿಗಾಗಿ. ಇವೆಲ್ಲ ನಿಜ, ನನ್ನ ವಾದವನ್ನು ಇವು ಬಲಪಡಿಸುತ್ತವೆ ಕೂಡ. ಬ್ರೂನೋನ ಮುಂದೆ ವರ್ಷಗಟ್ಟಲೆ ಒಂದು ಬಾಗಿಲು ತೆರೆದೇ ಇತ್ತು: ಹೇಳಿದ್ದನ್ನು ಹಿಂದಕ್ಕೆ ತೆಗೆದುಕೋ. ಅವನು ತೆಗೆದುಕೊಳ್ಳಲಿಲ್ಲ, ಅದರಲ್ಲಿ ಅವನ ಹಿರಿಮೆಯಿದೆ. ತಾನೇ ಹೇಳಿಕೊಂಡದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಪುಸ್ತಕ ಸುಡಬಹುದು, ವಿದ್ಯೆ ಬಿಡಬಹುದು. ಕತಾರಿನಾ ಕೆಪ್ಲರ್ ಏನನ್ನು ಬಿಡಬೇಕಿತ್ತು? 1621ರ ಸೆಪ್ಟೆಂಬರಿನಲ್ಲಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದ ಕಾನೂನು ಪಂಡಿತರ ಆದೇಶದಂತೆ, ಮರಣದಂಡನೆ ಜಾರಿಮಾಡುವವನು ಅವಳ ಮುಂದೆ ಚಿತ್ರಹಿಂಸೆಯ ಸಲಕರಣೆಗಳನ್ನು ಒಂದೊಂದಾಗಿ ತೋರಿಸಿದ. ಮೈಯ ನರಗಳನ್ನೆಲ್ಲ ಒಂದೊಂದಾಗಿ ಎಳೆದು ತೆಗೆದರೂ ಒಪ್ಪಿಕೊಳ್ಳಲು ನನ್ನಲ್ಲಿ ಏನೂ ಇಲ್ಲ ಎಂಬರ್ಥದ ಮಾತಾಡಿ ಅವಳು ಮಂಡಿಯೂರಿದಳು. ಬಿಡುಗಡೆಯಾಗಿ ಆರು ತಿಂಗಳಲ್ಲಿ ತೀರಿಕೊಂಡಳು.

ನಿಜವಾಗಿಯೂ ಮಾಟ ಮಾಡಲು ಹೊರಟ ಹೆಂಗಸರು ಇರಲಿಲ್ಲವೇ, ಚಿತ್ರಹಿಂಸೆ ಇಲ್ಲದೆಯೂ ಕೆಲವರು ಒಪ್ಪಿಕೊಂಡಿಲ್ಲವೇ ಎಂದೂ ಕೇಳಬಹುದು. ಇದ್ದಿರಬೇಕು, ಶಾಪ ಹಾಕುವವರು ಎಲ್ಲ ಊರಲ್ಲೂ ಇರುತ್ತಾರೆ. ಇದಕ್ಕೆ ಉತ್ತರ ಹುಡುಕಿದವನು ಸ್ಪೇನಿನ ಧರ್ಮವಿಚಾರಣಾ ಮಂಡಳಿಯ ಅಧಿಕಾರಿ ಸಲಾಜಾರ್. 1610ರಲ್ಲಿ ಲೊಗ್ರೋನ್ಯೊದಲ್ಲಿ ಬಾಸ್ಕ್ ನಾಡಿನ ಆರೋಪಿಗಳನ್ನು ಸುಟ್ಟಾಗ ನ್ಯಾಯಾಧೀಶರಲ್ಲಿ ಅವನೂ ಒಬ್ಬ. ಮರುವರ್ಷ ಹಳ್ಳಿ ಹಳ್ಳಿ ತಿರುಗಿ, ಸ್ವಂತ ಇಚ್ಛೆಯಿಂದ ತಪ್ಪೊಪ್ಪಿಕೊಂಡ ನೂರಾರು ಜನರ, ಅದರಲ್ಲೂ ಮಕ್ಕಳ, ಹೇಳಿಕೆ ತೆಗೆದುಕೊಂಡ. ಮಾಟದ ಮುಲಾಮು ಎಂದು ಅವರು ತಂದುಕೊಟ್ಟದ್ದನ್ನು ಪರೀಕ್ಷೆ ಮಾಡಿಸಿದ. ಯಾವುದೂ ನಿಲ್ಲಲಿಲ್ಲ. ಮಾಟದ ಬಗ್ಗೆ ಮಾತಾಡಲು, ಬರೆಯಲು ಶುರು ಮಾಡುವವರೆಗೆ ಅಲ್ಲಿ ಮಾಟಗಾತಿಯರೂ ಇರಲಿಲ್ಲ, ಮಾಟಕ್ಕೆ ಒಳಗಾದವರೂ ಇರಲಿಲ್ಲ ಎಂದು ಅವನು ವರದಿ ಮಾಡಿದ.

ಧರ್ಮ ಈ ಸಂಕಟಕ್ಕೆ ಬೇರೆ ಉತ್ತರ ಕೊಡಲಿಲ್ಲವೇ? ಕೊಟ್ಟಿತ್ತು. ಕತಾರಿನಾ ಹುಟ್ಟುವ ಮೊದಲೇ, 1539ರಲ್ಲಿ ಪಾದ್ರಿ ಯೋಹಾನೆಸ್ ಬ್ರೆಂಜ್ ಆಲಿಕಲ್ಲಿನ ಬಗ್ಗೆ ಪ್ರವಚನ ಮಾಡಿದ್ದ. ಬೆಳೆ ಹಾಳುಮಾಡುವ ಆಲಿಕಲ್ಲು ದೇವರಿಂದ ಬರುತ್ತದೆ, ಮಾಟಗಾತಿಯರಿಗೆ ಆ ಶಕ್ತಿಯಿಲ್ಲ. ಬೈಬಲಿನ ಯೋಬನ ಹಾಗೆ ಸಹಿಸಿ, ನಿಮ್ಮ ಪಾಪ ನೋಡಿಕೊಳ್ಳಿ ಎಂಬುದು ಅದರ ಸಾರ. ತರ್ಕ ಶುದ್ಧವಾಗಿದೆ. ಆದರೆ ಬೆಳೆ ಕಳೆದುಕೊಂಡವನಿಗೆ ಇದರಿಂದ ಉಳಿದದ್ದು ಸಹನೆಯೊಂದೇ. ಕರ್ಮಸಿದ್ಧಾಂತದ ಕಷ್ಟವೂ ಇದೇ. ಅದರಷ್ಟು ಬಿಗಿಯಾಗಿ ದುಃಖಕ್ಕೆ ಲೆಕ್ಕ ಕೊಡುವ ಸಿದ್ಧಾಂತ ಇನ್ನೊಂದಿಲ್ಲ. ಯಾವ ನೋವೂ ಅಲ್ಲಿ ಆಕಸ್ಮಿಕವಲ್ಲ. ಹೀಗಿದ್ದೂ ಮಗುವಿಗೆ ಜ್ವರ ಬಂದರೆ ನಮ್ಮ ಮನೆಗಳಲ್ಲಿ ಯಾರ ಕಣ್ಣು ತಗುಲಿತು ಎಂದು ಕೇಳುತ್ತೇವೆ, ಕಲಬುರಗಿ ಬೀದರ ಕಡೆ ಬಾನಾಮತಿ ಯಾರು ಮಾಡಿಸಿದರು ಎಂದು ಕೇಳುತ್ತಾರೆ. ಕರ್ಮ ಹೊಣೆಯನ್ನು ನೊಂದವರ ತಲೆಗೇ ಕಟ್ಟುತ್ತದೆ, ದೇವರ ಇಚ್ಛೆ ಎಂಬ ಮಾತು ಯಾರೂ ತಲುಪಲಾರದ ಕಡೆ ಇಡುತ್ತದೆ. ಮಾಟಗಾತಿಯಾದರೆ ಪಕ್ಕದ ಬೀದಿಯಲ್ಲೇ ಇರುತ್ತಾಳೆ, ಹೋಗಿ ಹಿಡಿಯಬಹುದು. ಯೋಹಾನೆಸ್ ಕೆಪ್ಲರ್ ತಾಯಿಯ ಪರವಾಗಿ ಸಿದ್ಧಪಡಿಸಿದ ನೂರಕ್ಕೂ ಹೆಚ್ಚು ಪುಟಗಳ ವಾದದಲ್ಲಿ ಮಾಟವೇ ಸುಳ್ಳು ಎಂದು ಹೇಳಲಿಲ್ಲ. ಒಂದೊಂದು ಆರೋಪವನ್ನೂ ಬಿಡಿಸಿ ಕೂತ: ಮಾಸ್ತರನಿಗೆ ಕಾಲು ಕೆಟ್ಟದ್ದು ಹಳ್ಳ ಹಾರಲು ಹೋಗಿ, ಹುಡುಗಿಯ ತೋಳು ನೋವಾದದ್ದು ಇಟ್ಟಿಗೆ ಹೊತ್ತು, ಉರ್ಸುಲಾಳ ಕಾಯಿಲೆ ಅವಳು ಹಿಂದೆ ತೆಗೆದುಕೊಂಡ ಔಷಧಗಳದ್ದು. ಗುಡ್ಡೆ ಹಾಕಿದ್ದ ದುಃಖಗಳಲ್ಲಿ ಅವರವರದನ್ನು ಅವರವರಿಗೆ ಹಿಂದಿರುಗಿಸಿದ. ದುಃಖಕ್ಕೆ ಅರ್ಥ ಕೊಡುವ ಆಸೆಯನ್ನೇ ಬಿಟ್ಟು, ಕಾರಣ ಮಾತ್ರ ಹುಡುಕುವ ಈ ವಿಧಾನ ತಣ್ಣಗೆ ಕಾಣಬಹುದು. ಆ ಮುದುಕಿಯ ಜೀವ ಉಳಿಸಿದ್ದು ಯಾವ ಪ್ರವಚನವೂ ಅಲ್ಲ, ಈ ವಿಧಾನ.

ಈ ವ್ಯತ್ಯಾಸವನ್ನು ಕಾನೂನುಗಳು ನಿಧಾನವಾಗಿ ಒಪ್ಪಿಕೊಂಡ ಬಗೆ ಗಮನಿಸಬೇಕಾದದ್ದು. ಬ್ರಿಟನ್ನಿನಲ್ಲಿ 1736ರಲ್ಲಿ ಜಾರಿಗೆ ಬಂದ ಕಾನೂನು ಮಾಟಗಾತಿಯೆಂಬ ಅಪರಾಧವನ್ನು ಅಳಿಸಿತು. ಮಾಟದ ಶಕ್ತಿ ತನಗಿದೆ ಎಂದು ನಟಿಸುವವರಿಗೆ ಒಂದು ವರ್ಷ ಜೈಲು ಎಂದಿತು. ಬೇರೆಯವರು ಹೊರಿಸಿದ್ದನ್ನು ಕೈಬಿಟ್ಟು, ತಾನೇ ಹೇಳಿಕೊಂಡದ್ದನ್ನು ಉಳಿಸಿಕೊಂಡಿತು. ನಮ್ಮ ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ನಿರ್ಮೂಲನೆಯ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ನಿಧಿಯ ಆಸೆಗೆ ವಾಮಾಚಾರ ಮಾಡುವವರಿಂದ ಹಿಡಿದು ಹಲವರಿಗೆ ಅದು ಒಂದರಿಂದ ಏಳು ವರ್ಷದವರೆಗೆ ಶಿಕ್ಷೆ ಇಟ್ಟಿದೆ. ಅದೂ ಬಹುಮಟ್ಟಿಗೆ ಶಕ್ತಿಯಿದೆ ಎಂದು ಹೇಳಿಕೊಳ್ಳುವವರ ಮೇಲಿನ ಕಾನೂನು. ವಶೀಕರಣ ಮಾಡಿಕೊಡುತ್ತೇವೆ, ಶತ್ರುಕಾಟ ತೆಗೆಯುತ್ತೇವೆ ಎಂಬ ಜಾಹೀರಾತುಗಳು ಫೋನ್ ನಂಬರಿನ ಸಮೇತ ಇಂದಿಗೂ ಬರುತ್ತವೆ. ನಾನು ಮಾಟಗಾತಿ ಎಂದು ಬೋರ್ಡು ಹಾಕಿಕೊಂಡ ಹೆಂಗಸು ನಮ್ಮ ಕಡೆ ಕಾಣುವುದಿಲ್ಲ. ಅಂಥ ಮಂತ್ರವಾದಿಗಳಲ್ಲಿ ಕೆಲವರು ಮಾರುವ ಸರಕೇ ನಿಮಗೆ ಮಾಟ ಮಾಡಿಸಿದವರು ಇಂಥವರು ಎಂಬ ಹೆಸರು. ಹೆಸರು ಹೇಳುವವನನ್ನೇ ಅಪರಾಧಿಯಾಗಿ ಕಂಡ ಕಾನೂನು ಮೊದಲು ಬಂದದ್ದು ಬಿಹಾರದಲ್ಲಿ, 1999ರಲ್ಲಿ. ಒಬ್ಬಳನ್ನು ಮಾಟಗಾತಿ ಎಂದು ಗುರುತಿಸಿದರೆ ಅದರ ಪ್ರಕಾರ ಹೆಚ್ಚೆಂದರೆ ಮೂರು ತಿಂಗಳ ಸಜೆ, ಇಲ್ಲವೇ ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಲಿಯೊನ್‌ಬರ್ಗಿನ ಕತಾರಿನಾಳಿಂದ ಹಿಡಿದು ಮಾಟಗಾತಿ ಎನಿಸಿಕೊಂಡ ಇಂದಿನ ಜಾರ್ಖಂಡಿನ ವಿಧವೆಯರವರೆಗೆ ಎಲ್ಲರ ಪಾಡೂ ಶುರುವಾಗುವುದು ಆ ಗುರುತಿಸುವಿಕೆಯಿಂದಲೇ. ಮೂಲ ಅಪರಾಧಕ್ಕೆ ಮೂರು ತಿಂಗಳು ಸಾಲದು, ಅದನ್ನು ತಿದ್ದಬೇಕು. ನಮ್ಮ ಕಾಯ್ದೆಯಲ್ಲೂ ಹೀಗೆ ಹೆಸರಿಡುವುದನ್ನು ಪ್ರತ್ಯೇಕ ಅಪರಾಧವಾಗಿ ಬಿಡಿಸಿ ಬರೆದು, ಜಾಹೀರಾತು ಕೊಟ್ಟು ಕೂತವನಿಗೂ ಅವನ ಮಾತು ನಂಬಿ ಕಲ್ಲೆತ್ತಿದವನಿಗೂ ಅದನ್ನು ಅನ್ವಯಿಸಬೇಕು.